ಐದು ಚೌಕ

ತಳಂಗರೆ ರಸ್ತೆಯಲ್ಲಿ ನನ್ನ ಅಂಗಡಿ.
ಮೊದಲು ರೇಡಿಯೋ, ಆಮೇಲೆ ಟಿವಿ,
ಈಗ ಮೀನು ತೋರಿಸುವ ಯಂತ್ರಗಳ ಹೊಟ್ಟೆ ಬಿಚ್ಚುತ್ತೇನೆ.
ಉಪ್ಪು ತಿಂದ ತಾಮ್ರ ಹಸಿರುಗಟ್ಟಿರುತ್ತದೆ,
ಹಲ್ಲುಜ್ಜುವ ಹಳೆ ಬ್ರಷ್ಷಿನಲ್ಲಿ ತಿಕ್ಕುತ್ತೇನೆ.

ಬ್ರಷ್ಷು ಕೊಡುವವರು ಡಾಕ್ಟರ್ ಲಿಗೋರಿ ಕ್ರಾಸ್ತಾ,
ಹಲ್ಲಿನ ವೈದ್ಯರು.
ಐವತ್ತೆಂಟನೇ ವಯಸ್ಸಿಗೆ ಗೋವೆಯಿಂದ ಹಾಯಿದೋಣಿ ತಂದರು,
ಇಪ್ಪತ್ತೆರಡು ಅಡಿ, ಮೂರನೇ ಕೈ.
ತಡವಾಗಿ ಬಂದು ನೋವು ಕೊಡುತ್ತದೆಂದು
ಅದಕ್ಕಿಟ್ಟ ಹೆಸರು ಬುದ್ಧಿಹಲ್ಲು.

ಮೀನಿಗಾ? ಕೇಳಿದ ಅಂದುಂಞಿ, ಬಲೆ ಹೊಲಿಯುತ್ತ.
ಅಲ್ಲ.
ಮರಳಿಗಾ?
ಅಲ್ಲ.
ಮತ್ತೆ?
ಸುಮ್ಮನೆ, ಅಂದರು ಡಾಕ್ಟರು.
ಅಂದುಂಞಿ ಸೂಜಿ ನಿಲ್ಲಿಸಿ ಕಡಲು ನೋಡಿದ,
ಸುಮ್ಮನೆ ಎಂಬ ಊರು ಯಾವ ದಿಕ್ಕಿಗಿದೆಯೋ ಎಂದು.

ಆಳ ಹೇಳುವ ಬಿಲ್ಲೆಯನ್ನು ತಳಕ್ಕೆ ಕೂರಿಸಿದೆ.
ಅದು ಹೇಳುವುದು ತನ್ನ ಕೆಳಗಿನ ಆಳ ಮಾತ್ರ.
ದೋಣಿಯ ಕಾಲು ತನಗಿಂತ ಎಷ್ಟು ಕೆಳಗಿದೆ
ಅದಕ್ಕೆ ತಿಳಿಯದು, ನಾವೇ ಕಲಿಸಬೇಕು.
ಟೇಪು ಹಿಡಿದು ಅಳೆದೆ,
ಅರವತ್ತು ಸೆಂಟಿಮೀಟರು ಕಳೆ, ಎಂದು ಬರೆದೆ.
ರೋಗಿಗಳೂ ಹೀಗೆಯೇ, ಅಂದರು ಡಾಕ್ಟರು,
ಬೆರಳಿಟ್ಟು ತೋರಿಸುವ ಹಲ್ಲು ಒಂದು, ಹುಳುಕಾದದ್ದು ಇನ್ನೊಂದು.

ಅವರ ಫೋನಿನಲ್ಲಿ ಆ್ಯಪು, ವರ್ಷಕ್ಕಿಷ್ಟು ಚಂದಾ.
ಅದರೊಳಗಿನ ಚಂದ್ರಗಿರಿ ಹೊಳೆ
ಯಾವುದೋ ಹಳೇ ವರ್ಷ ಕಡಲು ಸೇರುತ್ತಿತ್ತು.
ಮಳೆಗಾಲ ಮುಗಿಯುವಷ್ಟರಲ್ಲಿ ಮರಳು
ಮಗ್ಗುಲು ಬದಲಿಸಿ ತೆಂಕಕ್ಕೆ ಮಲಗಿತ್ತು.
ನಾವು ನೀರಲ್ಲೇ ಇದ್ದೆವು.
ಪರದೆಯ ಮೇಲೆ ಬುದ್ಧಿಹಲ್ಲು ದಿಬ್ಬ ಹತ್ತಿ
ಗಾಳಿಮರಗಳ ನಡುವೆ ನಡೆದುಹೋಗುತ್ತಿತ್ತು.

ಅಂದುಂಞಿಯನ್ನು ಮುಂದೆ ಕೂರಿಸಿಕೊಂಡು
ಅವನು ಬೆರಳು ಮಾಡಿದಲ್ಲೆಲ್ಲ ಗುರುತು ಒತ್ತಿದೆ.
ಅವನು ಹೇಳಿದ್ದು ಮಲಯಾಳದಲ್ಲಿ,
ನಾನು ಬರೆದದ್ದು ಕನ್ನಡದಲ್ಲಿ:
ಬಂಡೆ. ಅಳಿವೆ. ದೀಪ.
ಯಂತ್ರ ಬೇಡವೆನ್ನಲಿಲ್ಲ.
ತೋರಿಸಿದ್ದು ಮಾತ್ರ ಖಾಲಿ ಚೌಕಗಳನ್ನು,
ಒಂದರ ಪಕ್ಕ ಒಂದು, ಬಾಡಿಗೆಗಿರುವ ಕೋಣೆಗಳು.

ಇಂಗ್ಲಿಷಿನಲ್ಲಿ ಹಾಕಿ ಮಾರಾಯರೇ, ಅಂದರು ಡಾಕ್ಟರು.
ಹಾಕಬಹುದಿತ್ತು.
ಈ ಊರಿನ ಕಚೇರಿಗಳಲ್ಲಿ ಅರ್ಜಿ ತುಂಬಿ ತುಂಬಿ
ಪರಲಿಪಿಗಳು ಬಾರದೆ ಏನಿಲ್ಲ.
ಹಾಕಲಿಲ್ಲ. ಹಟವೆಂದರೆ ಹಟ.
ಸೋಮಾರಿತನವೆಂದರೂ ತಕರಾರಿಲ್ಲ.

ಆ ಫೆಬ್ರವರಿಯ ಸಂಜೆ ಹಿಂದಿರುಗುವಾಗ ಹೊತ್ತಾಯಿತು.
ಗಾಳಿ ಬಿದ್ದುಹೋಗಿ, ಎಂಜಿನ್ನು ಕೆಮ್ಮಿ ಕೆಮ್ಮಿ,
ಎರಡು ಪರ್ಸೆಂಟಿನಲ್ಲಿ ಫೋನು ಕಣ್ಣು ಮುಚ್ಚಿತು.
ಮಂಜಿನಲ್ಲಿ ದಡದ ದೀಪಗಳಿಗೆಲ್ಲ ಒಂದೇ ಮುಖ.
ಉಳಿದದ್ದು ಆ ಯಂತ್ರ, ಅದರಲ್ಲಿ ಮೂರು ಕಡೆ ಚೌಕದ ಸಾಲು.
ಬಂಡೆ ಯಾವುದು ಇದರಲ್ಲಿ?
ಡಾಕ್ಟರ ದನಿ, ಅವರದೇ ಕುರ್ಚಿಯಲ್ಲಿ
ಬಾಯಿ ತೆರೆದು ಕೂತವರದು.

ಎಣಿಸಿದೆ.
ಯಂತ್ರಕ್ಕೆ ಕಾಗುಣಿತ ಗೊತ್ತಿಲ್ಲ,
ಸೊನ್ನೆಗೂ ಗುಡಿಸಿಗೂ ಏತ್ವಕ್ಕೂ ಒಂದೊಂದು ಚೌಕ ಕೊಡುತ್ತದೆ.
ಮೂರಿದ್ದರೆ ದೀಪ.
ನಾಲ್ಕು: ಬ, ಸೊನ್ನೆ, ಡ, ಏತ್ವ. ಅದನ್ನು ಬಲಕ್ಕೆ ಬಿಡಿ.
ಐದು ಚೌಕ.
ಅ. ಳ. ಗುಡಿಸು. ವ. ಏತ್ವ.
ಅಲ್ಲಿಗೆ, ನೆಟ್ಟಗೆ ಅಲ್ಲಿಗೆ.
ಒಂದನೇ ಕ್ಲಾಸಿನಲ್ಲಿ ವಾರಿಜಾ ಟೀಚರು
ಮೇಜು ಕುಟ್ಟಿ ಹೇಳಿಸಿದ್ದನ್ನು
ಅರಬ್ಬಿ ಸಮುದ್ರದ ಮೇಲೆ ಒಪ್ಪಿಸಿದೆ.

ಆಳ ಒಂದು. ಮುಕ್ಕಾಲು. ಅರ್ಧ.
ಕಲಿಸಿದ ಅರವತ್ತನ್ನು ಮರೆಯದೆ
ಕಳೆದೇ ಹೇಳುತ್ತಿತ್ತು, ಪಾಪ.
ಮತ್ತೆ ಮುಕ್ಕಾಲು.
ಮತ್ತೆ ಹೊಳೆಯ ನೀರಿನ ವಾಸನೆ.

ಈ ಮಳೆಗಾಲ ಕಳೆದರೆ ಅಳಿವೆ ಪುನಃ ಹೊರಳುತ್ತದೆ.
ಐದು ಚೌಕ ಅಲ್ಲೇ ಇರುತ್ತದೆ, ಒಣ ಮರಳಿನ ಮೇಲೆ.
ಅಂದುಂಞಿಗೆ ಹೇಳಿಡಬೇಕು.
ಏನಕ್ಕೆ ಎಂದು ಈಗ ಅವನು ಕೇಳುವುದಿಲ್ಲ,
ದಿನದ ಕೂಲಿ ಎಷ್ಟೆಂದು ಕೇಳುತ್ತಾನೆ.