ಮರದ ಬೆನ್ನು

ಮೊದಲ ಆಟಕ್ಕೆ ತೊಮಿಕೊ ಬಿಡಿಸಿದ್ದು ಒಂದೇ ಮರ.
ಹದಿನಾರು ಬಣ್ಣ; ಅವುಗಳಲ್ಲಿ ಎರಡನ್ನು
ಕಾರು ಬಿಡಿಸುವವರಿಂದ ಕಡ ತಂದದ್ದು.
ಫುಕುವೋಕಾದ ಆ ಮೂರನೇ ಮಹಡಿಯಲ್ಲಿ
ಕೆಳಗಿನ ನೂಡಲ್ ಅಂಗಡಿಯ ಹಬೆ ಕಿಟಕಿಗೆ ಅಂಟುತ್ತಿತ್ತು.
ಅದೇ ಮರವನ್ನು ನಾನೂರು ಸಲ ನೆಟ್ಟರು, ರಸ್ತೆಯ ಎರಡೂ ಬದಿ.
ರಟ್ಟಿನಷ್ಟು ತೆಳು. ಆದರೂ
ಕಾರು ಎತ್ತ ಹೊರಳಿದರೂ ಅತ್ತಲೇ ಮುಖ ತಿರುಗಿಸುತ್ತಿತ್ತು,
ಮದುವೆಮನೆಯ ಬಾಗಿಲಲ್ಲಿ ನಿಂತ ಹೆಣ್ಣಿನ ಕಡೆಯವರ ಹಾಗೆ.

ಎರಡನೆಯದರಲ್ಲಿ ಮಳೆ ಬಂತು.
ಮೂರನೆಯದು ಓಡಲಿಲ್ಲ; ಸಂಬಳ ಎರಡು ತಿಂಗಳು ತಡ,
ಎಂಜಿನ್ ಸದ್ದು ಹಿಡಿಯುತ್ತಿದ್ದ ಇಗರಾಶಿ
ಊರಿಗೆ ಹೋಗಿ ಮೀನಂಗಡಿ ಇಟ್ಟ.
ಐದರಲ್ಲಿ ಎಲೆಗೆ ನೆರಳು. ಏಳರಲ್ಲಿ ಗಾಳಿ.
ಒಂಬತ್ತರ ಹೊತ್ತಿಗೆ ಮರಕ್ಕೇ ಒಂದು ತಂಡ, ಹನ್ನೊಂದು ಹುಡುಗರು,
ತೊಗಟೆಯ ಬಿರುಕಿಗೆಂದೇ ಒಬ್ಬ.
ಮುನ್ನೂರರ ವೇಗದಲ್ಲಿ ಯಾರು ನೋಡುತ್ತಾರೆ ಎಂದು
ಅವಳು ಕೇಳಲಿಲ್ಲ. ಕೇಳಿದ್ದು ಇಷ್ಟೇ:
"ಇದು ಯಾಕೆ ತಿರುಗುವುದಿಲ್ಲ?"
ಹುಡುಗ ನಕ್ಕ.
"ಮರ ಎಲ್ಲಾದರೂ ತಿರುಗುತ್ತದೆಯೇ, ತೊಮಿಕೊ ಸಾನ್?"

ನಿವೃತ್ತಿಯ ದಿನ ಹಳೆಯ ಪೆಟ್ಟಿಗೆಗೆ ತಂತಿ ಸಿಕ್ಕಿಸಿ
ಮೊದಲ ಆಟ ಹಾಕಿದರು.
ಬೆರಳು ತಡವರಿಸಿ, ಎರಡನೇ ತಿರುವಿನಲ್ಲೇ
ಕಾರು ಬೇಲಿಗೆ ಗುದ್ದಿ ನಿಂತಿತು.
ಮರಗಳೆಲ್ಲ ಅವಳನ್ನೇ ನೋಡುತ್ತ ನಿಂತವು.

ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು.
ನಿಲ್ದಾಣದ ಪಕ್ಕದ ಕರ್ಪೂರದ ಮರ
ರಸ್ತೆಗೆ ಮುಖ ಮಾಡಿತ್ತೋ ಬೆನ್ನೋ, ಹೇಳುವುದು ಕಷ್ಟ.
ಕೊಟ್ಟಿದ್ದ ಹೂಗಳನ್ನು ಬೆಂಚಿನ ಮೇಲಿಟ್ಟು
ಅವಳು ಅದರ ಹಿಂದಕ್ಕೆ ನಡೆದಳು.