ಎರಡು ಬೆರಳು ಮೇಲೆ

ಮೂರು ದಿನ ಕಾಣೆ.
ನಾಲ್ಕನೆಯ ಬೆಳಿಗ್ಗೆ ರೈಲ್ವೆ ಗೇಟಿನ ಪಕ್ಕ
ಟೀ ಅಂಗಡಿ ಬೆಂಚಿಗೆ ಒರಗಿ ನಿಂತಿತ್ತು,
ಹಾಸನಕ್ಕೆ ಈಗಷ್ಟೇ ಬಂದಿಳಿದ ನೆಂಟನ ಹಾಗೆ.

ಮುಟ್ಟಿದೆ. ಬ್ರೇಕು ಹಿಡಿಯಿತು!
ಚೈನಿಗೆ ಎಣ್ಣೆ, ಹೊಸ ವಾಲ್‌ಟ್ಯೂಬು,
ಹನ್ನೆರಡು ವರ್ಷ ಮೂಕವಾಗಿದ್ದ ಬೆಲ್ಲು
ಟ್ರಿಣ್ ಅಂದಿತು, ನಾಚಿಕೆಯಿಲ್ಲದೆ.
ಸೀಟು ಮಾತ್ರ ಎರಡು ಬೆರಳು ಮೇಲೆ.

ಕಾಲು ಉದ್ದದವನೇ ಇರಬೇಕು.
ಯಾರೋ ಏನೋ,
ನನಗಿಂತ ಚೆನ್ನಾಗಿ ನೋಡಿಕೊಂಡಿದ್ದಾನೆ.

ನಯಾಜ್ ಸ್ಪ್ಯಾನರ್ ಹಿಡಿದು ನಕ್ಕ:
"ಕದ್ದವನಿಗೇ ಕೊಟ್ಟುಬಿಡಬೇಕಿತ್ತು ಟೀಚರ್, ಇದನ್ನ."
ಇಳಿಸು ಸೀಟು, ಅಂದೆ.
ಸ್ವಲ್ಪ ಜೋರಾಗಿಯೇ ಅಂದೆ.

ಸಾಲಗಾಮೆ ರಸ್ತೆಯಲ್ಲಿ ಯಾರೂ ಇಲ್ಲದ ಕಡೆ
ಮೆಲ್ಲಗೆ ಕೇಳಿದೆ:
ಎಲ್ಲಿಗೆ ಹೋಗಿದ್ದೆ? ಶಾಂತಿಗ್ರಾಮದ ತನಕವೋ,
ಗೊರೂರಿನ ನೀರು ನೋಡಿಕೊಂಡು ಬಂದೆಯೋ?
ಟ್ಯೂಷನ್ನಿನ ನಾಲ್ಕು ಮನೆ ಬಿಟ್ಟು
ನಾನಂತೂ ಎಲ್ಲಿಗೂ ಒಯ್ದಿಲ್ಲ ನಿನ್ನ.
ಎಣ್ಣೆ ಕುಡಿದ ಸುಖಕ್ಕೆ
ಅದು ಗಪ್‌ಚಿಪ್.

ಬಾಗಿಲು ತಳ್ಳಿದರೆ ಧರಣೇಂದ್ರ,
ಲೆಕ್ಕದ ಪುಸ್ತಕ ಮಂಚದಡಿ, ಅಪ್ಪನ ಮೊಬೈಲು ಕೈಯಲ್ಲಿ,
ಸಿಕ್ಕಿಬಿದ್ದು ಕಣ್ಣು ತುಂಬಿಕೊಂಡ:
"ಮಿಸ್, ಇವತ್ತು ಕಿರ್ ಕಿರ್ ಕೇಳಿಸಲೇ ಇಲ್ಲ."

ನನಗೂ ಕಣೋ, ಅಂದೆ.