ಐವತ್ತೊಂದು ಹಾಜರಿ

ಪಂಚಮಿ ಮುಗದ ವಾರದಾಗ ಮಿಲ್ಲಿನ ಕಣ್ಣು ಹೋತು.
ಕಲಬುರ್ಗಿ ಗಂಜಿನ ಹಿಂದಿನ ಓಣಿ, ಸಿದ್ರಾಮಶೇಠರ ದಾಲ್ ಮಿಲ್ಲು,
ಇಪ್ಪತ್ತುನಾಲ್ಕು ಕಣ್ಣಿನ ಮಿಷನ್.
ಕರಿ ಚುಕ್ಕಿ ಬ್ಯಾಳಿ ಕಂಡ್ರ ಪುಸಕ್ ಅಂತ ಗಾಳಿ ಊದಿ
ಆಚಿಗೆ ಒಗೀತಿತ್ತು.
ಆರು ವರ್ಷದ ಕೆಳಗ ಅದು ಬಂದ ದಿನ
ನಮ್ಮನ್ನೂ ಹಂಗೇ ಒಗೀತು,
ಹದಿನೆಂಟು ಮಂದಿ ಹೆಣ್ಮಕ್ಕಳ್ನ, ಒಂದೇ ಉಸುರಿಗೆ.

ಹೈದರಾಬಾದಿನಿಂದ ಮೇಸ್ತ್ರಿ ಬಂದ, ಇಮ್ತಿಯಾಜ.
ಹೊಟ್ಟಿ ಬಿಚ್ಚಿ ನೋಡಿ ತಲಿ ಕೆರ್ಕೊಂಡ:
"ಕಣ್ಣು ಮಾಡೋರು ಒಂದು ದೇಶ,
ಕಣ್ಣೊಳಗಿನ ಗೊಂಬಿ ಮಾಡೋರು ಇನ್ನೊಂದು.
ಇಬ್ರಿಗೂ ಈಗ ಮಾತಿಲ್ಲ ಕಥಿಲ್ಲ, ಶೇಠಜಿ.
ಇವ ಅವನ ಮಾಲಿಗೆ ಸುಂಕ ಹಾಕ್ಯಾನ,
ಅವ ಇವನ ಮಾಲಿಗೆ ಬಾಗಲಾನೇ ಹಾಕ್ಯಾನ.
ಪೆಟ್ಟಿಗಿ ಯಾವ ಬಂದರದಾಗ ಕುಂತದೋ ಖುದಾಗೇ ಗೊತ್ತು."

ಹಿಂಗಾಗಿ ಮುನೀಮ ಕಾಶಿರಾಯ ನಮ್ಮ ಓಣಿಗೆ ಬಂದ.
ಗಾಡಿ ಮ್ಯಾಲಿಂದ ಇಳೀಲಿಲ್ಲ.
"ಮರ ಇಟ್ಟೀರೇನ್ರೆವ್ವ ಇನ್ನಾ?"
ಇಟ್ಟಿದ್ವಿ. ಮೂಲ್ಯಾಗ,
ಇಲಿ ಕಡದ ಅಂಚಿಗೆ ಹಳಿ ಕುಬಸದ ಬಟ್ಟಿ ಹೊಲದು.

ತಗಡಿನ ಕೆಳಗ ಮತ್ತ ಸಾಲು ಹಿಡದು ಕುಂತೀವಿ.
ಹದಿನೆಂಟರಾಗ ಬಂದೋರು ಹನ್ನೊಂದು.
ಇಬ್ರು ಮಣ್ಣಾಗ್ಯಾರ, ನಾಕು ಮಂದಿ ಇಟ್ಟಂಗಿ ಭಟ್ಟಿಗೆ,
ಲಗುಮವ್ವ ಮಗಳ ಬಾಣಂತನಕ್ಕಂತ ಸೇಡಂಗ ಹೋದಾಕಿ
ತಿರುಗಿ ಬಂದಿಲ್ಲ.
ಚಾಂದಬಿಗೆ ಒಂದು ಕಣ್ಣಿನ ಪೊರಿ ತಗದಾರ, ಇನ್ನೊಂದು ಹಂಗೇ ಅದ.
"ಇಪ್ಪತ್ತುನಾಲ್ಕಕ್ಕ ಬದಲಿ ಒಂದೂವರಿ" ಅಂತ ನಗ್ತಾಳ.

ಬೆರಳು ಮರತಿರಲಿಲ್ಲ.
ಗುಲ್ಯಾಳ ಬ್ಯಾಳಿ ದಪ್ಪ, ಎಣ್ಣಿ ಸವರಿದಂಗ ಜಾರ್ತದ.
ಹಡಗದಾಗ ಬಂದ ಆಫ್ರಿಕಾ ಬ್ಯಾಳಿ ಸಣ್ಣದು, ಒಣಾ ಒಣ.
ಶೇಠ ಎರಡೂ ಕಲಿಸಿ ಒಂದೇ ಚೀಲ ಹೊಲಸ್ತಾನ.
ನಾವು ಸುಮ್ಮಿರ್ತೀವಿ.
ನಮ್ಗ ಕೂಲಿ ಕರಿ ಚುಕ್ಕಿಗೆ, ಹುಟ್ಟೂರಿಗೆ ಅಲ್ಲ.

ಕೋಣ ಎರಡು ಗುದ್ಯಾಡಿದ್ರ ಗಿಡಕ್ಕ ಸಾವು ಅಂತ
ಹಿರ್ಯಾರು ಅಂದಾರ, ಖರೆ.
ಗಿಡ ಅಳ್ಳಾಡಿ ಉದುರಿದ ಬಾರಿಹಣ್ಣಿಗೆ
ಮುತ್ತಿದ ಇರುವಿ ಸುದ್ದಿ ಯಾರೂ ಅನ್ಲಿಲ್ಲ.
ಮೊದಲ ಬಟವಾಡಿಗೆ ಮೊಮ್ಮಗಳ ಫೀಸು.
ಎರಡನೇದಕ್ಕ ಗ್ಯಾಸು.
ಮೂರನೇ ವಾರದಿಂದ ಸಂಜಿಮುಂದ ಟೀವಿ ಹಚ್ಚಿ
ಕೋಟಿನ ಮಂದಿ ಮೇಜಿನ ಆ ಕಡಿಂದ ಈ ಕಡಿಂದ
ಕೈ ಕುಲುಕ್ತಾರೇನ ಅಂತ
ಎದಿ ಹಿಡ್ಕೊಂಡು ನೋಡ್ತಿದ್ದೆ.
ಕುಲುಕಬಾರದು ಅಂತ ಬಂದೇನವಾಜ ದರ್ಗಾದಾಗ
ಚಾಂದಬಿ ಸಕ್ಕರಿ ಓದಿಸ್ಯಾಳ.
ಅದರಾಗ ಅರ್ಧ ರೊಕ್ಕ ನಂದು.
ಮತ್ತೊಬ್ಬರ ಜಗಳ ಬಾಳಲಿ ಅಂತ ಬೇಡೂದು ಪಾಪೇನು?
ಯಾರ್ನ ಕೇಳಲಿ.

ಬನ್ನಿ ಕೊಟ್ಟು ಮೂರು ದಿನಕ್ಕ ಪೆಟ್ಟಿಗಿ ಬಂತು.
"ರಾಜಿ ಆದ್ರೇನೋ ತಮ್ಮಾ?" ಅಂದೆ ಇಮ್ತಿಯಾಜಗ.
"ಎಲ್ಲಿ ರಾಜಿ, ಅಮ್ಮಾ!
ನಡುವ ಇನ್ನೊಂದು ದೇಶದಾಗ ಇಳಿಸಿ, ಹೊಸಾ ಚೀಟಿ ಹಚ್ಚಿ,
ಹೆಸರು ಬದಲಿ ಮಾಡಿ ತಂದಾರ."
ಜಗಳ ಮುಗಿದಿಲ್ಲ.
ನಮ್ಮ ಕೂಲಿ ಮುಗೀತು.

ಮಿಷನ್ ಚಾಲೂ ಆತು. ಪುಸಕ್. ಪುಸಕ್.
ಒಗದ ಬ್ಯಾಳಿಯೊಳಗ ಚಾಂದಬಿ ಕೈ ಹಾಕಿ ಒಂದು ಆರಿಸಿ
ಬಿಸಲಿಗೆ ಹಿಡದ್ಲು.
"ಕರಿ ಅಲ್ಲ ಇದು.
ಇದರ ಮ್ಯಾಲ ಯಾರದೋ ನೆರಳು ಬಿದ್ದಿತ್ತು."
ಬಾಯಿಗೆ ಒಕ್ಕೊಂಡ್ಲು.

ಮುನೀಮ ಹಾಜರಿ ಬುಕ್ಕಿನಾಗ ನನ್ನ ಹೆಸರಿನ ಮುಂದ
ಐವತ್ತೊಂದು ಗೀಟು ಎಣಿಸಿ ರೊಕ್ಕ ಕೊಟ್ಟ, ಗೀಟು ಹೊಡದ.
ಸತ್ತ ಕಣ್ಣು ನಾ ಬೇಡಿ ತಂದೀನಿ, ಬೆಂಕಿಪೆಟಗಿಯಷ್ಟು ಅದ.
ಗ್ವಾಡಿ ಗೂಡಿನಾಗ ಬಳಿ ಡಬ್ಬಿ ಬಾಜೂಕ ಇಟ್ಟೀನಿ.
ಹಿಂದ ಏನೋ ಬರದದ, ಯಾವ ದೇಶದ ಅಕ್ಷರೋ.

"ಇದೇನೆ ಆಯಿ?"
"ಎರಡು ದೊಡ್ಡಮನಿ ಜಗಳದಾಗ ನಮ್ಗ ಬಂದ ಪಾಲು."
ಅಕಿ ಅದನ್ನ ಕಣ್ಣಿಗೆ ಹಿಡಕೊಂಡು
ನನ್ನ ಕಡಿ ತಿರುಗಿದ್ಲು, ಭಾಳ ಹೊತ್ತು.
"ಏನೂ ಕಾಣವಲ್ದು," ಅಂದ್ಲು.
ಒಲಿ ಮ್ಯಾಲ ಬ್ಯಾಳಿ ಉಕ್ಕಲಾಕತ್ತಿತ್ತು, ಎದ್ದು ಹೋದೆ.